ಎದೆಯುರಿಗೆ ಎಂಡೋಸ್ಕೋಪಿ: ಯಾರಿಗೆ, ಯಾವಾಗ?

ಊಟದ ಬಳಿಕ ಎದೆಯುರಿ, ಮಲಗಿದೊಡನೆ ಗಂಟಲಿಗೇರುವ ಹುಳಿನೀರು ಅನೇಕ ಮನೆಗಳಲ್ಲಿ ಪರಿಚಿತವಾದ ತೊಂದರೆಗಳು. ಅನ್ನನಾಳವು ಜಠರವನ್ನು ಕೂಡುವೆಡೆಯ ಸ್ನಾಯು ಸಡಿಲಗೊಂಡು, ಜಠರದ ಆಮ್ಲವು ಮೇಲಕ್ಕೇರುವುದೇ ಇದರ ಕಾರಣ.

ಇಂಥವರೆಲ್ಲರಿಗೂ ಎಂಡೋಸ್ಕೋಪಿ ಬೇಕಾಗಿಲ್ಲ. ಅಪಾಯದ ಸೂಚನೆಗಳಿಲ್ಲದಿದ್ದರೆ ವೈದ್ಯರು ಸಾಮಾನ್ಯವಾಗಿ ಆಮ್ಲವನ್ನು ತಗ್ಗಿಸುವ ಒಮೆಪ್ರಜೋಲ್‌ನಂತಹ ಔಷಧವನ್ನು 8 ವಾರ ಕೊಟ್ಟು ನೋಡುತ್ತಾರೆ. ಅದನ್ನು ಆಹಾರಕ್ಕೆ 30ರಿಂದ 60 ನಿಮಿಷ ಮುಂಚೆ ಸೇವಿಸಬೇಕು. ಆಗಲೂ ಉರಿ ತಣಿಯದಿದ್ದರೆ, ಔಷಧ ನಿಲ್ಲಿಸಿದೊಡನೆ ಮರುಕಳಿಸಿದರೆ, ಎಂಡೋಸ್ಕೋಪಿಯ ಅಗತ್ಯ ಬೀಳುತ್ತದೆ.

ಆದರೆ ನುಂಗಿದ ತುತ್ತು ಸಿಕ್ಕಿಕೊಳ್ಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಕಪ್ಪು ಮಲ, ರಕ್ತಹೀನತೆ ಇವುಗಳಲ್ಲಿ ಒಂದಿದ್ದರೂ ಕಾಯುತ್ತ ಕೂರಬಾರದು. ಅಂಗಡಿಯ ಮಾತ್ರೆಯಿಂದ ಉರಿ ಶಮನವಾದರೂ ಒಳಗಿನ ಹುಣ್ಣು, ಕ್ಯಾನ್ಸರ್ ಗಡ್ಡೆ ಬೆಳೆಯುತ್ತಲೇ ಇರಬಹುದು. ನಡೆದಾಗ ಹೆಚ್ಚುವ, ತೋಳಿಗೆ ಹರಡುವ ಎದೆನೋವಾದರೆ ಮೊದಲು ಹೃದಯದ ಪರೀಕ್ಷೆಯಾಗಲಿ.

ಎಂಡೋಸ್ಕೋಪಿಯಲ್ಲಿ ಏನೂ ಕಾಣಲಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆಂದಲ್ಲ. ಈ ರೋಗವುಳ್ಳ ಅನೇಕರ ಅನ್ನನಾಳದಲ್ಲಿ ಗಾಯವೇ ಇರುವುದಿಲ್ಲ. ಸಂದೇಹ ಉಳಿದರೆ ಅನ್ನನಾಳಕ್ಕೇರುವ ಆಮ್ಲವನ್ನು 24 ಗಂಟೆ ಅಳೆಯುವ ಪರೀಕ್ಷೆಯುಂಟು.

ಗಡಿಯಾಚೆಯ ನಮ್ಮಲ್ಲಿ ವೈದ್ಯರ ಭಾಷೆ ಬೇರೆಯಾಗಿರುವುದುಂಟು. ಉರಿ ಎಂದಿನಿಂದ, ನುಂಗಿದ ಮಾತ್ರೆ ಯಾವುದು, ತೂಕ ಎಷ್ಟು ಇಳಿಯಿತು ಎಂಬುದನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಚೀಟಿಯೊಂದರಲ್ಲಿ ಬರೆಸಿಕೊಂಡು ಹೋಗಿರಿ.