ಜಾಲದ ಪುಟ ಸರಿಯಾಗಿ ಕಾಣದಿದ್ದಾಗ

ಕೆಲವು ತಿಂಗಳ ಹಿಂದಿನ ಮಾತು. ನಮ್ಮ ನೆರೆಮನೆಯ ಹುಡುಗಿ, ಪದವಿಪೂರ್ವ ತರಗತಿಯ ಎರಡನೆಯ ವರ್ಷದಲ್ಲಿ ಓದುತ್ತಿರುವವಳು, ಒಂದು ಸಂಜೆ ಕಳವಳಗೊಂಡು ನಮ್ಮಲ್ಲಿಗೆ ಬಂದಳು. ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಲು ಅದೇ ಕಡೆಯ ದಿನ. ರಾತ್ರಿ ಹನ್ನೆರಡಕ್ಕೆ ಅವಧಿ ಮುಗಿಯುವುದು. ಚಿಕ್ಕಪ್ಪ ಕೊಟ್ಟ ಬೆಲೆಬಾಳುವ ಫೋನಿನಲ್ಲಿ ಅವಳು ಅರ್ಜಿಯನ್ನೆಲ್ಲ ತುಂಬಿದ್ದಳು. ಆದರೆ ಪುಟದ ಕೊನೆಯಲ್ಲಿ ಇರಬೇಕಾದ ‘ಸಲ್ಲಿಸಿ’ ಎಂಬ ಗುಂಡಿಯೇ ಇಲ್ಲ! ಫೋನಿನೊಡನೆ ಬಂದ ಬ್ರೌಸರನ್ನು ಬಿಟ್ಟು, ಹೆಸರಾಂತ ಮತ್ತೊಂದು ಬ್ರೌಸರನ್ನು ಅದರಲ್ಲಿಯೇ ಹಾಕಿ ನೋಡಿದೆವು. ಗುಂಡಿ ಕಾಣಲಿಲ್ಲ. ಕೊನೆಗೆ ಅವಳ ತಾಯಿಯ ಅಗ್ಗದ ಫೋನಿನಲ್ಲಿ, ಆ ಎರಡನೆಯ ಹೆಸರಿನ ಬ್ರೌಸರಿನಲ್ಲಿಯೇ, ಪುಟವನ್ನು ತೆರೆದೆವು. ಗುಂಡಿ ತನ್ನ ಸ್ಥಳದಲ್ಲಿ ಇದ್ದಿತು! ಹತ್ತು ಗಂಟೆಯ ಸುಮಾರಿಗೆ ಅರ್ಜಿ ಹೋಯಿತು.

ಸಮಾಧಾನವಾದ ಮೇಲೆ ಹುಡುಗಿ ಒಂದು ಪ್ರಶ್ನೆ ಕೇಳಿದಳು. ಪುಟ ಒಂದೇ, ಬ್ರೌಸರಿನ ಹೆಸರೂ ಒಂದೇ. ಹೀಗಿರುವಲ್ಲಿ ಒಂದು ಫೋನಿನಲ್ಲಿ ಕಾಣದ ಗುಂಡಿ ಇನ್ನೊಂದರಲ್ಲಿ ಕಂಡುದು ಹೇಗೆ? ಪ್ರಶ್ನೆ ಸಣ್ಣದಾಗಿ ತೋರಿದರೂ ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಜಾಲದ ಮೂವತ್ತೈದು ವರ್ಷಗಳ ಚರಿತ್ರೆಯೇ ನಮ್ಮೆದುರಿಗೆ ತೆರೆದುಕೊಳ್ಳುತ್ತದೆ.

ಪುಟವೆಂದರೆ ಚಿತ್ರವಲ್ಲ

ಜಾಲದ ಪುಟವು ಛಾಯಾಚಿತ್ರದಂತೆ ಸಿದ್ಧವಾಗಿ ನಮ್ಮ ಬಳಿಗೆ ಬರುತ್ತದೆಂದು ಅನೇಕರ ಕಲ್ಪನೆ. ಅದು ಸರಿಯಲ್ಲ. ದೂರದ ಕಂಪ್ಯೂಟರಿನಿಂದ ಬರುವುದು ಬಹುಮಟ್ಟಿಗೆ ಬರಿಯ ಬರಹ. ‘ಇದು ತಲೆಬರಹ, ಇದು ಕಂಡಿಕೆ, ಇಲ್ಲಿ ಚಿತ್ರವಿರಲಿ’ ಎಂದು ಹೇಳುವ ಭಾಷೆ ಎಚ್‌ಟಿಎಮ್‌ಎಲ್. ‘ತಲೆಬರಹ ಕೆಂಪಾಗಿರಲಿ, ಅಂಕಣ ಇಷ್ಟು ಅಗಲವಿರಲಿ’ ಎಂದು ವಿಧಿಸುವುದು ಸಿಎಸ್‌ಎಸ್. ‘ಗುಂಡಿಯನ್ನು ಒತ್ತಿದಾಗ ಹೀಗೆ ಮಾಡು’ ಎಂದು ಅಪ್ಪಣೆ ಕೊಡುವುದು ಜಾವಾಸ್ಕ್ರಿಪ್ಟ್. ಈ ಸೂಚನೆಗಳನ್ನು ಓದಿ, ಅರ್ಥಮಾಡಿಕೊಂಡು, ತೆರೆಯ ಮೇಲೆ ಪುಟವನ್ನು ಕಟ್ಟುವವನು ಬ್ರೌಸರು.

ಮನೆ ಕಟ್ಟುವವನ ಕೈಗೆ ಒಂದು ಚೀಟಿ ಕೊಟ್ಟೆವೆಂದು ಭಾವಿಸಿರಿ. ‘ಕೋಣೆಯ ಅಗಲ ೧೦ ಅಡಿ’ ಎಂದಷ್ಟೇ ಅದರಲ್ಲಿ ಬರೆದಿದೆ. ಒಬ್ಬ ಗಾರೆಯವನು ಗೋಡೆಯ ಒಳಮೈಯಿಂದ ಒಳಮೈಗೆ ೧೦ ಅಡಿ ಅಳೆಯುತ್ತಾನೆ. ಗೋಡೆಗಳು ಒಂಬತ್ತಂಗುಲ ದಪ್ಪವಾದರೆ ಹೊರಗಿನ ಅಳತೆ ೧೧½ ಅಡಿಯಾಯಿತು. ಮತ್ತೊಬ್ಬನು ಗೋಡೆಗಳನ್ನೂ ಸೇರಿಸಿ ೧೦ ಅಡಿ ಅಳೆಯುತ್ತಾನೆ. ಇಬ್ಬರೂ ಮೂರ್ಖರಲ್ಲ. ಇಬ್ಬರೂ ಚೀಟಿಯಂತೆಯೇ ನಡೆದಿದ್ದಾರೆ. ಆದರೆ ೩೦ ಅಡಿಯ ನಿವೇಶನದಲ್ಲಿ ಇಂಥ ಮೂರು ಬಿಡಿ ಕೋಣೆಗಳನ್ನು ಒತ್ತೊತ್ತಾಗಿ ಕಟ್ಟಲು ಹೊರಟರೆ ಎರಡನೆಯವನ ಮೂರೂ ಹಿಡಿಸುತ್ತವೆ, ಮೊದಲನೆಯವನ ಮೂರನೆಯ ಕೋಣೆಗೆ ಎಡೆಯಿರುವುದಿಲ್ಲ.

ಜಾಲದಲ್ಲಿ ನಡೆದುದು ಇದೇ. ೧೯೯೬ರ ಸಿಎಸ್‌ಎಸ್ ನಿಯಮದಂತೆ ‘ಅಗಲ’ವೆಂದರೆ ಒಳಗಿನ ಬರಹದ ಅಗಲ ಮಾತ್ರ, ಸುತ್ತಲಿನ ತೆರವು ಮತ್ತು ಅಂಚುಗಳು ಬೇರೆ. ಮೈಕ್ರೋಸಾಫ್ಟಿನವರ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನ ಐದನೆಯ ಆವೃತ್ತಿಯಾದರೋ ಅವೆರಡನ್ನೂ ಅಗಲದೊಳಗೇ ಸೇರಿಸಿಕೊಳ್ಳುತ್ತಿದ್ದಿತು. ೩೦೦ ಬಿಂದುಗಳ ಅಗಲ, ಇಕ್ಕೆಲಗಳಲ್ಲಿ ೨೦ರಂತೆ ತೆರವು, ೫ರಂತೆ ಅಂಚು ಇದ್ದ ಒಂದು ಅಂಕಣವನ್ನು ತೆಗೆದುಕೊಳ್ಳಿ. ನಿಯಮದ ಪ್ರಕಾರ ಅದು ೩೫೦ ಬಿಂದುಗಳಷ್ಟು ಸ್ಥಳ ಹಿಡಿಯಬೇಕು. ಎಕ್ಸ್‌ಪ್ಲೋರರಿನಲ್ಲಿ ಅದು ಹಿಡಿಯುತ್ತಿದ್ದುದು ೩೦೦. ಮೂರು ಅಂಕಣಗಳಿಗೆ ೧೫೦ ಬಿಂದುಗಳ ವ್ಯತ್ಯಾಸ! ೯೦೦ ಬಿಂದುಗಳ ಪುಟದಲ್ಲಿ ಒಂದು ಕಡೆ ಮೂರೂ ಅಂಕಣಗಳು ಸಾಲಾಗಿ ನಿಲ್ಲುತ್ತಿದ್ದರೆ, ಇನ್ನೊಂದು ಕಡೆ ಮೂರನೆಯದು ಜಾರಿ ಕೆಳಕ್ಕೆ ಬೀಳುತ್ತಿದ್ದಿತು.

೨೦೦೧ರಲ್ಲಿ ಬಂದ ಆರನೆಯ ಆವೃತ್ತಿಯು, ಪುಟದ ಮೊದಲಲ್ಲಿ ತಕ್ಕ ಘೋಷಣೆಯಿದ್ದರೆ ನಿಯಮದಂತೆಯೂ, ಇಲ್ಲವಾದರೆ ಹಳೆಯ ಪದ್ಧತಿಯಂತೆಯೂ ಅಳೆಯತೊಡಗಿತು. ಮುಂದೆ ಎರಡು ಪದ್ಧತಿಗಳಲ್ಲಿ ಯಾವುದು ಬೇಕೆಂಬುದನ್ನು ಬರೆದವನೇ ಸೂಚಿಸುವ ವ್ಯವಸ್ಥೆಯೂ ಸಿಎಸ್‌ಎಸ್‌ನಲ್ಲಿ ಬಂದಿತು. ಸ್ವಾರಸ್ಯವೇನೆಂದರೆ, ಒಮ್ಮೆ ತಪ್ಪೆನಿಸಿದ್ದ ಗೋಡೆ ಸೇರಿಸಿ ಅಳೆಯುವ ಕ್ರಮವನ್ನೇ ಇಂದು ಅನೇಕ ಪುಟಕಾರರು ಅನುಕೂಲವೆಂದು ಆರಿಸಿಕೊಳ್ಳುತ್ತಾರೆ. ದೋಷವಿದ್ದುದು ಅಳತೆಯಲ್ಲಲ್ಲ, ಒಪ್ಪಂದವಿಲ್ಲದುದರಲ್ಲಿ.

ಹೆಸರು ಬೇರೆ, ಒಳಗಿನ ಎಂಜಿನ್ ಒಂದೇ

ಬ್ರೌಸರಿನಲ್ಲಿ ಸೂಚನೆಗಳನ್ನು ಓದಿ ಪುಟ ಕಟ್ಟುವ ಭಾಗಕ್ಕೆ ಎಂಜಿನ್ ಎಂದು ಹೆಸರು. ಹೊರಗೆ ಕಾಣುವ ಲಾಂಛನ, ಬಣ್ಣ, ಗುಂಡಿಗಳೆಲ್ಲ ಬಂಡಿಯ ಮೇಲ್ಮೈ ಇದ್ದಂತೆ; ಓಡಿಸುವುದು ಒಳಗಿನ ಎಂಜಿನ್ನು. ಹೆಸರುಗಳು ಹತ್ತಾರು ಇದ್ದರೂ ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಎಂಜಿನ್ನುಗಳ ಮನೆತನಗಳು ಮೂರೇ.

ಮೊದಲನೆಯದು ಗೆಕೊ. ೧೯೯೮ರಲ್ಲಿ ನೆಟ್‌ಸ್ಕೇಪ್ ಸಂಸ್ಥೆ ತನ್ನ ಬ್ರೌಸರಿನ ಮೂಲ ಬರಹವನ್ನು ಲೋಕಕ್ಕೆ ಬಿಟ್ಟುಕೊಟ್ಟಿತು. ಅಲ್ಲಿಂದ ಆರಂಭವಾದ ಮೊಜಿಲ್ಲ ಯೋಜನೆಯಲ್ಲಿ ಬೆಳೆದ ಎಂಜಿನ್ ಇದು. ೨೦೦೪ರ ನವೆಂಬರಿನಲ್ಲಿ ಮೊದಲ ಆವೃತ್ತಿ ಕಂಡ ಫೈರ್‌ಫಾಕ್ಸ್ ಇದರಿಂದ ನಡೆಯುತ್ತದೆ. ಎರಡನೆಯದು ವೆಬ್‌ಕಿಟ್. ಕೆಎಚ್‌ಟಿಎಮ್‌ಎಲ್ ಎಂಬ ಸ್ವತಂತ್ರ ಎಂಜಿನ್ನನ್ನು ಆಧಾರ ಮಾಡಿಕೊಂಡು ಆ್ಯಪಲ್ ಸಂಸ್ಥೆಯವರು ಇದನ್ನು ರಚಿಸಿದರು. ೨೦೦೩ರಲ್ಲಿ ಹೊರಬಂದ ಸಫಾರಿ ಇದರ ಫಲ. ಮೂರನೆಯದು ಬ್ಲಿಂಕ್. ೨೦೦೮ರಲ್ಲಿ ಗೂಗಲ್‌ನ ಕ್ರೋಮ್ ವೆಬ್‌ಕಿಟ್‌ನಿಂದಲೇ ಹೊರಟಿತಾದರೂ, ೨೦೧೩ರಲ್ಲಿ ಅದರ ಕವಲೊಂದನ್ನು ಒಡೆದು ಬ್ಲಿಂಕ್ ಎಂದು ಬೇರೆಯಾಯಿತು. ಒಪೆರ ಸ್ವಂತ ಎಂಜಿನ್ನನ್ನು ೨೦೧೩ರಲ್ಲಿ ಕೈಬಿಟ್ಟು ಇದನ್ನು ಸೇರಿತು. ಮೈಕ್ರೋಸಾಫ್ಟಿನ ಎಡ್ಜ್ ಸಹ ೨೦೨೦ರಲ್ಲಿ ಈ ಎಂಜಿನ್ನಿಗೆ ಬದಲಾಯಿತು. ಬ್ರೇವ್, ವಿವಾಲ್ಡಿ, ಸ್ಯಾಮ್‌ಸಂಗ್ ಇಂಟರ್‌ನೆಟ್ ಇವೂ ಇದೇ ಮನೆತನದವು. ಆದುದರಿಂದ ಕ್ರೋಮ್‌ನಲ್ಲಿ ಎಂಜಿನ್ನಿನ ಕಾರಣದಿಂದಲೇ ಕೆಟ್ಟು ಕಾಣುವ ಪುಟಕ್ಕೆ ಎಡ್ಜ್ ಬ್ರೌಸರನ್ನು ತಂದರೆ, ಒಂದೇ ಬಾವಿಗೆ ಬೇರೆ ಕೊಡ ಇಳಿಬಿಟ್ಟಂತೆ. ನೀರು ಅದೇ.

ಈಗ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಐಫೋನುಗಳಲ್ಲಿ ಹೊರಗೆ ಯಾವ ಹೆಸರಿನ ಬ್ರೌಸರಿದ್ದರೂ ಒಳಗೆ ವೆಬ್‌ಕಿಟ್ಟೇ ಇರಬೇಕೆಂಬುದು ಅದರ ತಯಾರಕರು ಮೊದಲಿನಿಂದ ನಡೆಸಿಕೊಂಡು ಬಂದ ನಿಯಮ. ಹೊಸ ಕಾನೂನಿನ ಕಾರಣ ಐರೋಪ್ಯ ಒಕ್ಕೂಟದ ದೇಶಗಳಲ್ಲಿ ೨೦೨೪ರಲ್ಲಿ ಅದನ್ನು ಸಡಿಲಿಸಬೇಕಾಯಿತು. ಅವಳ ಕೈಯಲ್ಲಿದ್ದುದು ಆ ಬಗೆಯ ಫೋನು. ಬ್ರೌಸರಿನ ಹೆಸರು ಬದಲಾದರೂ ಎಂಜಿನ್ ಬದಲಾಗಿರಲಿಲ್ಲ. ತಾಯಿಯ ಫೋನಿನಲ್ಲಿ ಅದೇ ಹೆಸರಿನ ಒಳಗೆ ಬ್ಲಿಂಕ್ ಇದ್ದಿತು.

ಹಾಗಾದರೆ ವೆಬ್‌ಕಿಟ್ ಕೆಟ್ಟದ್ದೆ? ಹಾಗೇನೂ ಅಲ್ಲ. ತಿಳಿದ ಮಿತ್ರರೊಬ್ಬರು ಆ ಪುಟದ ಮೂಲವನ್ನು ನೋಡಿ ಕಾರಣ ಹೇಳಿದರು. ಅರ್ಜಿಯ ಅವಧಿ ಮುಗಿದಿಲ್ಲವೆಂದು ಖಚಿತವಾದರೆ ಮಾತ್ರ ಗುಂಡಿಯನ್ನು ತೋರಿಸಬೇಕೆಂದು ಅಲ್ಲಿ ಬರೆದಿದ್ದಿತು. ಜಾವಾಸ್ಕ್ರಿಪ್ಟಿನ ಗೊತ್ತಾದ ಕ್ರಮದಲ್ಲಿ ದಿನಾಂಕಕ್ಕೂ ಗಂಟೆಗೂ ನಡುವೆ ಇಂಗ್ಲಿಷಿನ ‘ಟಿ’ ಅಕ್ಷರವಿರಬೇಕು. ಬರೆದವರು ಬರಿಯ ತೆರವು ಬಿಟ್ಟಿದ್ದರು. ಗೊತ್ತಾದ ಕ್ರಮವನ್ನು ಬಿಟ್ಟ ಬರಹವನ್ನು ಹೇಗೆ ತಿಳಿಯಬೇಕೆಂಬುದನ್ನು ಆ ಭಾಷೆಯ ನಿಯಮವು ಎಂಜಿನ್ನಿನ ವಿವೇಚನೆಗೇ ಬಿಟ್ಟಿದೆ. ಒಂದು ಎಂಜಿನ್ ಊಹೆಯಿಂದ ಒಪ್ಪಿಕೊಂಡಿತು. ಮತ್ತೊಂದು ‘ಇದು ದಿನಾಂಕವೇ ಅಲ್ಲ’ ಎಂದಿತು. ಅವಧಿ ಉಳಿದಿದೆಯೆಂಬುದು ಖಚಿತವಾಗದೆ ಗುಂಡಿ ಮರೆಯಾಗಿಯೇ ಉಳಿಯಿತು. ತಪ್ಪು, ಒಂದೇ ಎಂಜಿನ್ನಿನಲ್ಲಿ ನೋಡಿ ‘ಎಲ್ಲ ಸರಿಯಾಗಿದೆ’ ಎಂದುಕೊಂಡವರದು.

ಕನ್ನಡ ಅಕ್ಷರಗಳ ಪಾಡು

ಕನ್ನಡದ ವಾಚಕರಿಗೆ ಇನ್ನೊಂದು ತೊಂದರೆಯ ಪರಿಚಯವೂ ಉಂಟು. ಪುಟ ತೆರೆದರೆ ಅಕ್ಷರಗಳೇ ಕೆಟ್ಟಿರುತ್ತವೆ. ಇಲ್ಲಿ ರೋಗದ ಲಕ್ಷಣ ನೋಡಿ ಔಷಧ ಆರಿಸಬೇಕು.

ಯೂನಿಕೋಡ್ ಪದ್ಧತಿಯಲ್ಲಿ ‘ಸ್ತ್ರೀ’ ಎಂಬ ಒಂದಕ್ಷರದ ಪದವು ಆರು ಸಂಕೇತಗಳಾಗಿ ಶೇಖರವಾಗುತ್ತದೆ: ಸಕಾರ, ವಿರಾಮ, ತಕಾರ, ವಿರಾಮ, ರಕಾರ, ದೀರ್ಘ ಈಕಾರದ ಗುಣಿತ ಚಿಹ್ನೆ. ಇವನ್ನು ಕೂಡಿಸಿ, ಒತ್ತಕ್ಷರಗಳನ್ನು ಕೆಳಗಿಟ್ಟು, ಗುಣಿತವನ್ನು ಸೇರಿಸುವ ಕೆಲಸ ತಂತ್ರಾಂಶದ್ದು. ಒತ್ತುಗಳು ಬಿಡಿಬಿಡಿಯಾಗಿ ಕಂಡರೆ ಈ ಜೋಡಣೆ ನಡೆದಿಲ್ಲವೆಂದು ತಿಳಿಯಬೇಕು. ಹೊಸ ಆವೃತ್ತಿಯ ಬ್ರೌಸರು ಇದಕ್ಕೆ ಪರಿಹಾರವಾಗಬಲ್ಲದು. ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡರೆ ಕನ್ನಡದ ಫಾಂಟ್ ಇಲ್ಲವೆಂದರ್ಥ; ಫಾಂಟನ್ನು ಹಾಕಿಕೊಳ್ಳಬೇಕು. ಇಂಗ್ಲಿಷ್ ಅಕ್ಷರಗಳ ಅರ್ಥಹೀನ ರಾಶಿ ಕಂಡರೆ ಆ ಪುಟ ಯೂನಿಕೋಡಿಗೆ ಹಿಂದಿನ ಪದ್ಧತಿಯದು: ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಇಟ್ಟ ವಿಶೇಷ ಫಾಂಟಿಗಾಗಿ ಬರೆದದ್ದು. ಅಲ್ಲಿ ಯಾವ ಬ್ರೌಸರನ್ನು ತಂದರೂ ಫಲವಿಲ್ಲ. ಆ ಫಾಂಟೇ ಬೇಕು, ಇಲ್ಲವೆ ಬರಹವನ್ನು ಯೂನಿಕೋಡಿಗೆ ಪರಿವರ್ತಿಸಬೇಕು.

ಇಪ್ಪತ್ತು ಇಪ್ಪತ್ತೈದು ವರ್ಷಗಳ ಹಿಂದೆ ಭಾರತೀಯ ಭಾಷೆಗಳ ಹಲವು ತಾಣಗಳು ಇಂಥ ಫಾಂಟನ್ನು ಪುಟದೊಡನೆಯೇ ಕಳುಹಿಸುವ ಉಪಾಯ ಹೂಡಿದವು. ಆದರೆ ಅದಕ್ಕಾಗಿ ಬಳಸಿದ ಇಒಟಿ ಎಂಬ ಫಾಂಟ್ ರೂಪವನ್ನು ಓದಬಲ್ಲದ್ದು ಎಕ್ಸ್‌ಪ್ಲೋರರ್ ಮಾತ್ರ. ಬೇರೆ ಬ್ರೌಸರು ಉಳ್ಳವನಿಗೆ ತನ್ನ ತಾಯ್ನುಡಿಯ ಸುದ್ದಿಯೂ ಗ್ರೀಕೋ ಲ್ಯಾಟಿನ್ನೋ ಎಂಬಂತೆ ತೋರುತ್ತಿದ್ದಿತು.

ಏನು ಮಾಡತಕ್ಕದ್ದು?

ಪುಟ ಸರಿಯಾಗಿ ಕಾಣದಿದ್ದರೆ ಒಡನೆಯೇ ಬ್ರೌಸರು ಬದಲಾಯಿಸಲು ಹೊರಡಬೇಕಾಗಿಲ್ಲ. ಸುಲಭವಾದುದನ್ನು ಮೊದಲು ಪರೀಕ್ಷಿಸಬೇಕು. ಅರ್ಜಿಯಲ್ಲಿ ತುಂಬಿದ ವಿಷಯಗಳನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಂಡು ಪುಟವನ್ನು ಮತ್ತೊಮ್ಮೆ ತೆರೆಯಿರಿ. ಅರ್ಧ ಬಂದ ಪುಟ ಪೂರ್ತಿ ಬಂದೀತು. ಆ ಮೇಲೆ ಖಾಸಗಿ ಕಿಟಕಿಯಲ್ಲಿ ತೆರೆಯಿರಿ. ಬ್ರೌಸರಿಗೆ ನಾವು ಸೇರಿಸಿದ ಬಾಲಂಗೋಚಿ ತಂತ್ರಾಂಶಗಳೂ ಹಿಂದಿನ ಭೇಟಿಗಳ ಕುರುಹುಗಳೂ ಸಾಮಾನ್ಯವಾಗಿ ಅಲ್ಲಿ ಅಡ್ಡ ಬರುವುದಿಲ್ಲ. ಅಲ್ಲಿ ಸರಿಯಾಗಿ ಕಂಡರೆ ಎಂಜಿನ್ನಿನ ದೋಷವಲ್ಲವೆಂಬುದು ಸ್ಪಷ್ಟ. ಸುರಕ್ಷತೆಯ ಎಚ್ಚರಿಕೆ ಬಂದರೆ ಫೋನಿನ ದಿನಾಂಕವನ್ನು ನೋಡಿರಿ. ತಾಣದ ಪ್ರಮಾಣಪತ್ರಕ್ಕೆ ಅವಧಿಯುಂಟು, ತಪ್ಪು ದಿನಾಂಕದ ಯಂತ್ರಕ್ಕೆ ಒಳ್ಳೆಯ ಪತ್ರವೂ ಅವಧಿ ಮೀರಿದಂತೆ ಕಾಣುತ್ತದೆ. ಬ್ರೌಸರು ಹಳೆಯದಾಗಿದ್ದರೆ ಹೊಸ ಆವೃತ್ತಿಗೆ ಏರಿಸಿರಿ.

ಇಷ್ಟಾದರೂ ಆಗದಿದ್ದರೆ ಬೇರೆ ಬ್ರೌಸರು ಬೇಕು. ಹೆಸರನ್ನಲ್ಲ, ಮನೆತನವನ್ನು ನೋಡಿ ಆರಿಸಿರಿ. ಕಂಪ್ಯೂಟರಿನಲ್ಲಿಯೂ ಆಂಡ್ರಾಯ್ಡ್ ಫೋನಿನಲ್ಲಿಯೂ ಬ್ಲಿಂಕ್ ಬಳಸುವವರು ಫೈರ್‌ಫಾಕ್ಸನ್ನು, ಫೈರ್‌ಫಾಕ್ಸ್ ಬಳಸುವವರು ಬ್ಲಿಂಕ್ ಮನೆತನದ ಒಂದನ್ನು ಜೊತೆಗೆ ಇಟ್ಟುಕೊಂಡರೆ ಸಾಕು. ಐಫೋನು ಉಳ್ಳವರು ಬೇರೆ ಯಂತ್ರವನ್ನೇ ಎರವಲು ಪಡೆಯಬೇಕಾದೀತು. ಎರವಲು ಯಂತ್ರದಲ್ಲಿ ಗುಪ್ತಪದವನ್ನು ಉಳಿಸಬಾರದು. ಬ್ರೌಸರನ್ನು ಅದರ ತಯಾರಕರ ತಾಣದಿಂದ ಅಥವಾ ಫೋನಿನ ಅಧಿಕೃತ ಅಂಗಡಿಯಿಂದ ಮಾತ್ರ ತರಬೇಕು. ಪುಟವೊಂದು ತಾನಾಗಿ ಎದ್ದು ‘ಇದನ್ನು ಹಾಕಿಕೋ’ ಎಂದರೆ ನಂಬತಕ್ಕದ್ದಲ್ಲ. ಕೊನೆಯದಾಗಿ, ಪುಟದ ಒಡೆಯರಿಗೆ ನಾಲ್ಕು ಸಾಲು ಬರೆಯಿರಿ: ಬ್ರೌಸರಿನ ಹೆಸರು, ಆವೃತ್ತಿ, ಕಂಡ ದೋಷ. ಗುಟ್ಟಾಗಿ ಬ್ರೌಸರು ಬದಲಾಯಿಸಿಕೊಂಡವನಿಗೆ ಮಾತ್ರ ಲಾಭ. ತಿಳಿಸಿದವನಿಂದ ಸಾವಿರ ಜನಕ್ಕೆ.

ಒಂದೇ ಎಂಜಿನ್ನಿದ್ದರೆ ಸಾಲದೆ?

ಇಷ್ಟು ತೊಡಕೇಕೆ, ಜಗತ್ತಿಗೆಲ್ಲ ಒಂದೇ ಎಂಜಿನ್ನಿದ್ದರೆ ಆಗದೆ, ಎಂದು ಯಾರಾದರೂ ಕೇಳಬಹುದು. ಒಮ್ಮೆ ಹೆಚ್ಚು ಕಡಿಮೆ ಹಾಗೆಯೇ ಆಗಿದ್ದಿತು. ಈ ಶತಮಾನದ ಆರಂಭದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಎಕ್ಸ್‌ಪ್ಲೋರರನ್ನು ಬಳಸುತ್ತಿದ್ದರು. ಎದುರಾಳಿಯಿಲ್ಲದ ಜಟ್ಟಿಗೆ ಸಾಮು ಏಕೆ? ಆರನೆಯ ಆವೃತ್ತಿ ೨೦೦೧ರಲ್ಲಿ ಬಂದರೆ ಏಳನೆಯದಕ್ಕೆ ೨೦೦೬ರವರೆಗೆ ಕಾಯಬೇಕಾಯಿತು.

ದಕ್ಷಿಣ ಕೊರಿಯದ ಪಾಠ ಇನ್ನೂ ಕಠಿಣವಾದುದು. ಪ್ರಬಲವಾದ ಗೂಢಲಿಪಿಯ ರಫ್ತನ್ನು ಅಮೆರಿಕ ನಿರ್ಬಂಧಿಸಿದ್ದ ಕಾಲದಲ್ಲಿ, ೧೯೯೮ರಲ್ಲಿ, ಆ ದೇಶ ‘ಸೀಡ್’ ಎಂಬ ತನ್ನದೇ ಗೂಢಲಿಪಿಯನ್ನು ರಚಿಸಿತು. ಬುದ್ಧಿವಂತಿಕೆಯ ಕೆಲಸವೇ. ಆದರೆ ಅದನ್ನು ಬ್ರೌಸರಿಗೆ ಜೋಡಿಸಲು ಆರಿಸಿದ್ದು ಎಕ್ಸ್‌ಪ್ಲೋರರಿನಲ್ಲಿ ಮಾತ್ರ ನಡೆಯುವ ಆ್ಯಕ್ಟಿವ್‌ಎಕ್ಸ್ ಎಂಬ ಸಾಧನವನ್ನು. ಫಲವಾಗಿ ಹತ್ತು ವರ್ಷಕ್ಕೂ ಮಿಗಿಲಾಗಿ ಅಲ್ಲಿನ ಜನ ಬ್ಯಾಂಕಿನ ವ್ಯವಹಾರಕ್ಕೂ ಸರಕಾರಿ ಕೆಲಸಕ್ಕೂ ಆ ಒಂದೇ ಬ್ರೌಸರಿಗೆ ಕಟ್ಟುಬಿದ್ದರು. ಅದಕ್ಕೆ ಆಧಾರವಾಗಿದ್ದ ಪ್ರಮಾಣಪತ್ರಗಳ ವಿಶೇಷ ಸ್ಥಾನವನ್ನು ಕಾನೂನು ತೆಗೆದುಹಾಕಿದ್ದು ೨೦೨೦ರ ಡಿಸೆಂಬರಿನಲ್ಲಿ. ಎಕ್ಸ್‌ಪ್ಲೋರರಿನ ಕೊನೆಯ ಆವೃತ್ತಿಯನ್ನು ಅದರ ತಯಾರಕರೇ ೨೦೨೨ರ ಜೂನ್ ೧೫ರಂದು ನಿವೃತ್ತಿಗೊಳಿಸಿದರು.

ಇಂದು ಬ್ಲಿಂಕ್ ಹಾಗೆ ಹಬ್ಬುತ್ತಿದೆ. ಅದು ಒಳ್ಳೆಯ ಎಂಜಿನ್ನೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪುಟಕಾರರು ಅದೊಂದರಲ್ಲೇ ನೋಡಿ ತೃಪ್ತರಾದರೆ, ಅದರ ಊಹೆಗಳೇ ನಿಯಮಗಳಾಗಿಬಿಡುತ್ತವೆ. ಬೇರೆ ಎಂಜಿನ್ನುಗಳಿರುವುದರಿಂದಲೇ ನಿಯಮಕ್ಕೆ ಬೆಲೆ. ಅವುಗಳ ತಯಾರಕರು ೨೦೨೨ರಿಂದ ಪ್ರತಿವರ್ಷ ಕೂಡಿ ಸಾಮಾನ್ಯ ಪರೀಕ್ಷೆಗಳನ್ನು ಗೊತ್ತುಮಾಡಿ, ತಮ್ಮ ಎಂಜಿನ್ನುಗಳ ಭಿನ್ನತೆಗಳನ್ನು ತಗ್ಗಿಸಲು ಯತ್ನಿಸುತ್ತಿರುವುದು ಶುಭಸೂಚನೆ.

ನಮ್ಮ ನೆರೆಮನೆಯ ಹುಡುಗಿ ಮರುದಿನ ಆ ಕಚೇರಿಗೆ ಪತ್ರ ಬರೆದಳು. ಉತ್ತರವೇನೂ ಬರಲಿಲ್ಲ. ಆದರೆ ತಿಂಗಳ ಮೇಲೆ, ಬೇರೊಂದು ವೇತನಕ್ಕೆ ಅರ್ಜಿ ಕರೆದಾಗ, ಅವಳ ಫೋನಿನಲ್ಲಿಯೇ ಗುಂಡಿ ಕಂಡಿತು. ಅವಳಂಥವರು ನಾಳೆ ತಾವೇ ಪುಟಗಳನ್ನು ರಚಿಸುವವರು. ಹಾಗೆ ರಚಿಸಿದ ದಿನ ಅದನ್ನು ಎರಡು ಮನೆತನದ ಎಂಜಿನ್ನುಗಳಲ್ಲಿಯಾದರೂ ತೆರೆದು ನೋಡಿದರೆ, ಕಡೆಯ ದಿನದ ಸಂಜೆ ಯಾರ ಮಗಳೂ ನೆರೆಮನೆಗೆ ಓಡಬೇಕಾಗುವುದಿಲ್ಲ.