ದೋಸೆ ಮೆನು ಕೆಳಗೆ ಲೈವ್ ಮ್ಯಾಚ್

ಐಪಿಎಲ್ ನೇರಪ್ರಸಾರಕ್ಕೆ ಒಡೆಯರಿದ್ದಾರೆ. 2023ರಿಂದ 2027ರವರೆಗಿನ ಭಾರತದ ಡಿಜಿಟಲ್ ಹಕ್ಕು ಹರಾಜಿನಲ್ಲಿ 23 ಸಾವಿರ ಕೋಟಿ ರೂಪಾಯಿ ದಾಟಿತ್ತು. ಪಂದ್ಯಗಳು ಈಗ ಜಿಯೋಹಾಟ್‌ಸ್ಟಾರ್‌ನಲ್ಲಿ.

ಬಸವೇಶ್ವರನಗರದ ಹಾವನೂರು ಸರ್ಕಲ್ ಬಳಿಯ ಒಂದು ದರ್ಶಿನಿ ತನ್ನ ವೆಬ್‌ಸೈಟಿಗೆ ಎಲ್ಲಿಂದಲೋ ಸಿಕ್ಕ ಒಂದು ಸಾಲಿನ ಎಂಬೆಡ್ ಕೋಡ್ ಅಂಟಿಸಿತು ಎನ್ನಿ. ಮಸಾಲೆ ದೋಸೆಯ ರೇಟಿನ ಕೆಳಗೇ ಚಿನ್ನಸ್ವಾಮಿಯ ಪಂದ್ಯ ಓಡತೊಡಗುತ್ತದೆ. ವಿಡಿಯೋ ಇರುವುದು ಬೇರೆಯವರ ಸರ್ವರಿನಲ್ಲಿ, ನಿಜ. ಅದನ್ನೇ ನೆಚ್ಚಿ ಕೂರುವುದು ಮಾತ್ರ ಅಪಾಯ. 1957ರ ಕೃತಿಸ್ವಾಮ್ಯ ಕಾಯ್ದೆಯ 37ನೇ ಕಲಂ ಪ್ರಸಾರಕರಿಗೆ 25 ವರ್ಷಗಳ ಪ್ರತ್ಯೇಕ ಹಕ್ಕು ಕೊಟ್ಟಿದೆ. ಅನುಮತಿಯಿಲ್ಲದ ಮರುಪ್ರಸಾರ ಅದರ ಉಲ್ಲಂಘನೆ. ಗೊತ್ತಿದ್ದೂ ಉಲ್ಲಂಘಿಸಿದರೆ, ಅದಕ್ಕೆ ಕುಮ್ಮಕ್ಕು ಕೊಟ್ಟರೂ, 63ನೇ ಕಲಂ ಪ್ರಕಾರ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಕರ್ನಾಟಕದಲ್ಲಿ 2014ರ ತಿದ್ದುಪಡಿಯಿಂದ ಗೂಂಡಾ ಕಾಯ್ದೆಯೊಳಗೆ ಕೃತಿಸ್ವಾಮ್ಯ ಉಲ್ಲಂಘಿಸುವ ‘ಡಿಜಿಟಲ್ ಅಪರಾಧಿ’ಯೂ ಸೇರಿದ್ದಾನೆ.

ಆದರೆ ಬಹುತೇಕ ಸಲ ಮೊದಲು ಬಾಗಿಲು ತಟ್ಟುವುದು ಪೊಲೀಸರಲ್ಲ, ದೆಹಲಿ ಹೈಕೋರ್ಟಿನ ತಡೆಯಾಜ್ಞೆ. ಟೂರ್ನಿ ಶುರುವಾಗುವ ಮೊದಲೇ ಪ್ರಸಾರಕರು ಅದನ್ನು ಪಡೆದಿರುತ್ತಾರೆ. ಪಂದ್ಯದ ನಡುವೆಯೇ ಸೈಟ್ ಬ್ಲಾಕ್. ಮೆನುವೂ ಜೊತೆಗೇ ಮಾಯ.

ಹಕ್ಕುದಾರರೇ ಯೂಟ್ಯೂಬಿನಲ್ಲಿ ಎಂಬೆಡ್‌ಗೆ ಬಿಟ್ಟ ಹೈಲೈಟ್ಸ್ ಲೆಕ್ಕ ಬೇರೆ. ಅವರು ಅದನ್ನು ಯಾವಾಗ ಬೇಕಾದರೂ ಮುಚ್ಚಬಹುದು.