‘ಎದಿ ಭಾರ ಆಗ್ಯಾದ್ರಿ’: ಹೃದಯಾಘಾತದ ನಂತರದ ಖಿನ್ನತೆ, ಆತಂಕ ಮತ್ತು ಗಡಿಭಾಗದ ಕನ್ನಡ

ಇವತ್ತಿನ ವಿಷಯ ಹೃದಯಾಘಾತದಿಂದ ಚೇತರಿಸಿಕೊಳ್ಳುತ್ತಿರುವವರ ಖಿನ್ನತೆ ಮತ್ತು ಆತಂಕ. ನಾನು ಒಂದು ಪದದಿಂದ ಶುರು ಮಾಡ್ತೀನಿ: ‘ಎದಿ’.

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯ ಕನ್ನಡದಲ್ಲಿ ಎದಿ ಅಂದರೆ ಹೃದಯವೂ ಹೌದು, ಧೈರ್ಯವೂ ಹೌದು, ದುಃಖ ಕೂಡುವ ಜಾಗವೂ ಹೌದು. ರೋಗಿ ‘ಎದಿ ಭಾರ ಆಗ್ಯಾದ್ರಿ’ ಅಂದಾಗ ವೈದ್ಯರು ಇಸಿಜಿ ತೆಗೆಸುತ್ತಾರೆ. ತೆಗೆಸಲೇಬೇಕು. ಇಸಿಜಿ ಸರಿ ಬಂದರೆ ‘ಏನಿಲ್ಲ, ಹೋಗ್ರಿ’ ಅಂತಾರೆ. ರೋಗಿ ಹೇಳಿದ ಮಾತಿನ ಇನ್ನೊಂದು ಅರ್ಥವನ್ನು ಯಾರೂ ವಿಚಾರಿಸಿರುವುದಿಲ್ಲ.

ಇದಕ್ಕೆ ಗಡಿಯೂ ಒಂದು ಕಾರಣ. ಗದ್ವಾಲ್ 1956ರ ತನಕ ರಾಯಚೂರು ಜಿಲ್ಲೆಯ ತಾಲ್ಲೂಕಾಗಿತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಆಂಧ್ರಕ್ಕೆ ಹೋಯಿತು, ಈಗ ತೆಲಂಗಾಣದಲ್ಲಿದೆ. ಈ ಭಾಗದ ಕನ್ನಡದ ಮನೆಗಳಲ್ಲಿ ಒಳಗೆ ಕನ್ನಡ, ಪೇಟೆಯಲ್ಲಿ ತೆಲುಗು, ಡಿಸ್ಚಾರ್ಜ್ ಚೀಟಿ ಇಂಗ್ಲಿಷು. ಚಿಕಿತ್ಸೆಗೆ ರಾಯಚೂರಿಗೂ ಹೋಗಬಹುದು, ಮಹಬೂಬನಗರಕ್ಕೂ, ಹೈದರಾಬಾದಿಗೂ. ನೋವನ್ನು ಕೈಯಿಟ್ಟು ತೋರಿಸಬಹುದು, ಬೇಸರವನ್ನು ಹಾಗೆ ತೋರಿಸಲಿಕ್ಕೆ ಬರೋದಿಲ್ಲ. ಅದಕ್ಕೆ ಮಾತೇ ಬೇಕು.

ಇದು ಬರೀ ಮನಸ್ಸಿನ ಸಂಗತಿ ಅಂತ ಬಿಡುವ ಹಾಗಿಲ್ಲ. 1993ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನ್ಯಾನ್ಸಿ ಫ್ರೇಷರ್-ಸ್ಮಿತ್ ಮತ್ತು ಸಂಗಡಿಗರು ಹೃದಯಾಘಾತವಾದ 222 ಜನರನ್ನು ಆರು ತಿಂಗಳು ಗಮನಿಸಿದರು. ಆಸ್ಪತ್ರೆಯಲ್ಲಿದ್ದಾಗಲೇ ತೀವ್ರ ಖಿನ್ನತೆಯಲ್ಲಿದ್ದವರಲ್ಲಿ ಸಾವಿನ ಅಪಾಯ, ಹೃದಯದ ಸ್ಥಿತಿಯನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಉಳಿದವರಿಗಿಂತ ಸುಮಾರು ನಾಲ್ಕು ಪಟ್ಟು ಇತ್ತು. ಹೃದಯಾಘಾತವಾದ ಐವರಲ್ಲಿ ಹತ್ತಿರ ಹತ್ತಿರ ಒಬ್ಬರಿಗೆ ಇಂಥ ಖಿನ್ನತೆ ಇರುತ್ತದೆ ಅಂತ ಆಮೇಲಿನ ಅಧ್ಯಯನಗಳೂ ಹೇಳ್ತಾವೆ. ಖಿನ್ನತೆ ಇದ್ದವರು ಮಾತ್ರೆ ಬಿಡ್ತಾರೆ, ನಡೆಯೋದು ಬಿಡ್ತಾರೆ, ಬೀಡಿ ಮಾತ್ರ ಬಿಡಲ್ಲ. ಜೊತೆಗೆ ರಕ್ತದ ಪ್ಲೇಟ್‌ಲೆಟ್‌ಗಳು ಬೇಗ ಅಂಟಿಕೊಳ್ಳುವುದು, ಹೃದಯ ಬಡಿತದ ಸಹಜ ಏರಿಳಿತ ಕಡಿಮೆಯಾಗುವುದು ಇಂಥವೂ ಕಂಡುಬಂದಿವೆ.

ಊಹೆಗೆ ಗದ್ವಾಲ್‌ನ ಒಬ್ಬ ನೇಕಾರರನ್ನು ತಗೊಳ್ಳೋಣ. ಹತ್ತಿ ಒಡಲು, ರೇಷ್ಮೆ ಅಂಚಿನ ಸೀರೆ ನೇಯುವವರು. ಸೀರೆ ಮುಗಿದರೆ ಕೂಲಿ, ಇಲ್ಲದಿದ್ದರೆ ಇಲ್ಲ. ಸ್ಟೆಂಟ್ ಹಾಕಿಸಿಕೊಂಡು ಬಂದಿದ್ದಾರೆ. ಹೆಂಡತಿ ‘ನೀವ್ ಸುಮ್ನ ಕುಂದ್ರಿ’ ಅಂತಾಳೆ, ಮಗ ನೀರಿನ ಕೊಡ ಮುಟ್ಟಗೊಡಲ್ಲ. ಎಲ್ಲ ಪ್ರೀತಿಯಿಂದಲೇ. ಆದರೆ ಮಗ್ಗದ ಮುಂದೆ ಮೂವತ್ತು ವರ್ಷ ಕೂತ ಮನುಷ್ಯ ಈಗ ಹೊರಸಿನ ಮೇಲೆ ಕೂತು ತನ್ನ ನಾಡಿ ತಾನೇ ಹಿಡಿದು ನೋಡ್ತಾನೆ. ಸ್ವಲ್ಪ ಜೋರು ಬಡಿದರೆ ‘ಮತ್ತ ಬಂತು’ ಅನ್ನೋ ಹೆದರಿಕೆ. ಹೆದರಿಕೆಗೆ ಬಡಿತ ಇನ್ನೂ ಜೋರಾಗ್ತದೆ. ರಾತ್ರಿ ನಿದ್ದಿ ಇಲ್ಲ. ಹೊರಗಿನವರಿಗೆ ಇದು ‘ಆರಾಮಾಗಿ ಕೂತಾರ’ ಅಂತ ಕಾಣ್ತದೆ! ಗಂಡ-ಹೆಂಡಿರ ಸಂಗದ ಭಯವನ್ನಂತೂ ಯಾರೂ ವೈದ್ಯರ ಮುಂದೆ ಬಾಯಿ ಬಿಡಲ್ಲ. ಎಷ್ಟು ನಡೀಬೇಕು, ಮಗ್ಗಕ್ಕೆ ಯಾವಾಗ ಮರಳಬಹುದು ಅನ್ನೋದನ್ನ ವಾರದ ಲೆಕ್ಕದಲ್ಲಿ ಬರೆಸಿಕೊಂಡು ಬರುವುದು ಇಂಥ ಮನೆಗೆ ಮಾತ್ರೆಯಷ್ಟೇ ಮುಖ್ಯ ಅಂತ ನನ್ನ ಅಭಿಪ್ರಾಯ.

ಅಮೆರಿಕದ ಹಾರ್ಟ್ ಅಸೋಸಿಯೇಷನ್ 2008ರಲ್ಲಿ ಹೃದ್ರೋಗಿಗಳಿಗೆ ಮೊದಲು ಎರಡೇ ಪ್ರಶ್ನೆ ಕೇಳಿ ಅಂತ ಸಲಹೆ ಕೊಟ್ಟಿತು. ನಮ್ಮ ಕಡೆಯ ಮಾತಲ್ಲಿ ಹೀಗೆ ಕೇಳಬಹುದು: ‘ಈ ಹದಿನೈದು ದಿನದಾಗ ಯಾವ ಕೆಲಸಕ್ಕೂ ಮನಸ್ಸು ಬರವಲ್ದು ಅನಿಸ್ಯಾದೇನು? ಜೀವಕ್ಕ ಬ್ಯಾಸರ, ಎಲ್ಲ ಮುಗೀತು ಅನಿಸ್ಯಾದೇನು?’ ಪೂರ್ತಿ ಪರೀಕ್ಷೆ ಬೇಕೇ ಅನ್ನೋದು ಉತ್ತರದ ಮೇಲೆ ಗೊತ್ತಾಗ್ತದೆ. ‘ಸತ್ತಿದ್ರ ಚಲೋ ಇತ್ತು’ ಅನ್ನೋ ಮಾತು ಬಂದರೆ ಕಾಯುವ ಹಾಗಿಲ್ಲ, ಅವರನ್ನು ಒಂಟಿಯಾಗಿ ಬಿಡಬಾರದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್, 14416, ಉಚಿತ. ಕನ್ನಡವೂ ಇದೆ, ತೆಲುಗೂ ಇದೆ.

ಚಿಕಿತ್ಸೆಯ ಬಗ್ಗೆ ಉತ್ಪ್ರೇಕ್ಷೆ ಮಾಡಬಾರದು. 2002ರಲ್ಲಿ 369 ಹೃದ್ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಸರ್ಟ್ರಾಲಿನ್ ಹೃದಯಕ್ಕೆ ಸುರಕ್ಷಿತ ಅಂತ ಕಂಡಿತು. 2003ರ ಇನ್ನೊಂದರಲ್ಲಿ, 2481 ಜನ ಇದ್ದರು, ಆಪ್ತ ಸಮಾಲೋಚನೆಯಿಂದ ಖಿನ್ನತೆ ಇಳಿಯಿತು, ಸಾವು ಮಾತ್ರ ಕಡಿಮೆಯಾಗಲಿಲ್ಲ. ಹಾಗಾಗಿ ಆಯುಷ್ಯ ಹೆಚ್ಚುತ್ತದೆ ಅಂತ ನಾನು ಆಸೆ ಹಚ್ಚಲಾರೆ. ನಿದ್ದೆ ಬರೋದು, ಮೊಮ್ಮಗಳ ಜೊತೆ ನಗೋದು, ಮಗ್ಗಕ್ಕೆ ಮರಳೋದು, ಇವು ಸಣ್ಣವಲ್ಲ.

ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ: ‘ಎದಿ ಭಾರ ಹೆದರಿಕಿದೋ, ಹಾರ್ಟಿಂದೋ, ಮನ್ಯಾಗ ಹ್ಯಾಂಗ ತಿಳೀಬೇಕು?’ ಮನೆಯಲ್ಲಿ ತಿಳಿಯೋಕೆ ಹೋಗಬ್ಯಾಡ್ರಿ. ಹೊಸದಾಗಿ ನೋವು ಬಂದರೆ, ಬೆವರು, ಉಸಿರಾಟದ ತೊಂದರೆ ಇದ್ದರೆ, ಮೊದಲು ಆಸ್ಪತ್ರೆ. ಇಸಿಜಿ, ರಕ್ತಪರೀಕ್ಷೆ ಸರಿ ಬಂದ ಮೇಲೆ, ಅಲ್ಲೇ ಕೂತು, ನಿದ್ದೆ ಮತ್ತು ಮನಸ್ಸಿನ ಮಾತು ಎತ್ತಿ. ಮಾನಸಿಕ ವೈದ್ಯರು ಮಾತ್ರೆ ಬರೆದರೆ ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿ ತೋರಿಸಿ. ಆಸ್ಪಿರಿನ್ ಜೊತೆಗೆ ಕೆಲವು ಖಿನ್ನತೆಯ ಮಾತ್ರೆಗಳು ರಕ್ತಸ್ರಾವದ ಸಾಧ್ಯತೆ ಹೆಚ್ಚಿಸ್ತಾವೆ. ತಾವಾಗಿ ಯಾವುದನ್ನೂ ನಿಲ್ಲಿಸಬೇಡಿ. ಮುಂದಿನ ಪ್ರಶ್ನೆ ತಗೊಳ್ಳೋಣ.